ಕಪನೂರ ಕಡಿ ಬೋರಿಂಗ್ ಅಂಗಡಿ: ಹಳೇ ಮಾರುತಿ 800 ಇಂಜಿನ್ ಮನ್ಯಾಗ ಕಟ್ಟೋರು ಓದ್ರಿ

ಕಲಬುರಗಿದಾಗ ಹಳೇ ಕಾರಿನ ಇಂಜಿನ್ ಮನ್ಯಾಗೇ ಬಿಚ್ಚಿ ಕಟ್ಟಬೇಕು ಅನ್ನೋರು ಭಾಳ ಮಂದಿ ಅದಾರ, ಪಾನಾ ಸೆಟ್ಟು, ಜಾಗ, ತಾಳ್ಮಿ ಮೂರೂ ಇದ್ರ ಅರ್ಧ ಕೆಲಸ ಆಗ್ತದ, ಆದ್ರ ಬೋರಿಂಗು (ಸವೆದ ಸಿಲಿಂಡರ್ ಗೋಡಿ ಕೊರೆದು ಸಮ ಮಾಡೋದು), ಕ್ರ್ಯಾಂಕ್ ಗ್ರೈಂಡಿಂಗು (ಪಿಸ್ಟನ್ ತಿರುವೋ ದಂಡಿ ತಿಕ್ಕಿ ನುಣುಪು ಮಾಡೋದು), ಹೆಡ್ ಫೇಸಿಂಗು (ಸಿಲಿಂಡರ್ ಮ್ಯಾಲ ಕೂಡೋ ಹೆಡ್ಡಿನ ತಳ ಸಪಾಟ ಮಾಡೋದು) ಇವು ಮನ್ಯಾಗ ಆಗೋವಲ್ಲ, ಅದನ್ನ ಯಾರ ಕೈಯಾಗ ಕೊಡ್ತೀರಿ ಅನ್ನೋದ್ರ ಮ್ಯಾಲೇ ಇಂಜಿನ್ ಎಷ್ಟು ವರ್ಷ ಬಾಳ್ತದ ಅನ್ನೋದು ನಿಂತದ. ನಮ್ಮ ಮಾರುತಿ 800ರ ಕೆಲಸ ನಾನು ಹುಮನಾಬಾದ್ ರೋಡಿಗಿ, ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡಿ ಇರೋ ಒಂದು ಸಣ್ಣ ಅಂಗಡ್ಯಾಗ ಮಾಡಿಸ್ದೆ. ಹೆಸರಿನ ಬೋರ್ಡ್ ಇಲ್ಲ, ಗೋಡಿ ಮ್ಯಾಲ ಕೆಂಪು ಬಣ್ಣದಾಗ ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಅಂತ ಅಷ್ಟೇ ಬರ್ದಾರ, ಟ್ರ್ಯಾಕ್ಟರ್ ಮಿಸ್ತ್ರಿಗೋಳನ್ನ ಕೇಳಿದ್ರ ಉಸ್ತಾದ್ ಅಂಗಡಿ ಅಂತ ತೋರಿಸ್ತಾರ. ಅಂಗಡಿದೂ ಬರೀತೀನಿ, ಜೊತಿಗಿ ನಾನು ತಗೊಂಡ ಗ್ಯಾಸ್ಕೆಟ್ ಕಿಟ್ಟು (ಎರಡು ಭಾಗ ಕೂಡೋ ಕಡಿ ನಡುವ ಹಾಕೋ ಪಟ್ಟಿಗೋಳು), ಆಯಿಲ್ ಸೀಲು (ತಿರುಗೋ ದಂಡಿ ಸುತ್ತ ಆಯಿಲ್ ತಡೆಯೋ ರಬ್ಬರ್ ಬಳಿ), ಸಿಲಿಕಾನ್ (ಸಂದು ಮುಚ್ಚೋ ಅಂಟು) ಇವುಗಳದೂ ಬರೀತೀನಿ, ಯಾಕಂದ್ರ ಎಲ್ಲಾ ಕೂಡಿದ್ರೇ ಒಂದು ಇಂಜಿನ್.

ಮೊದಲೇ ಹೇಳಿಬಿಡ್ತೀನಿ, ಅಂಗಡಿ ಭಾಳ ಛಲೋ ಅದ. ಅದಕ ಒಂದೇ ಕಾರಣ, ಅಲ್ಲಿ ಅಳತಿ ತಗೊಳ್ದೆ ಯಾವುದಕ್ಕೂ ಮಷಿನ್ ಹಚ್ಚಂಗಿಲ್ಲ.

ನಮ್ಮದು ಕಾರ್ಬುರೇಟರ್ ಇರೋ ಹಳೇ ಮಾಡೆಲ್. 796 ಸಿಸಿ, ಮೂರು ಸಿಲಿಂಡರ್, ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ, ಬೋರು (ಸಿಲಿಂಡರಿನ ಒಳ ಅಗಲ) 68.5 ಮಿ.ಮೀ., ಸ್ಟ್ರೋಕು (ಪಿಸ್ಟನ್ ಏರಿ ಇಳಿಯೋ ದೂರ) 72 ಮಿ.ಮೀ. 1983ರ ಡಿಸೆಂಬರ್‌ನಾಗ ಮೊದಲ ಗಾಡಿ ರೋಡಿಗಿ ಬಂತು, 2014ರ ಜನವರಿ ತನಕ ತಯಾರಾತು, ಇದೇ 796 ಸಿಸಿ ಇಂಜಿನ್ ಓಮ್ನಿದಾಗ 2019ರ ತನಕ ನಡೀತು. ಅದಕ್ಕೇ ಇವತ್ತಿಗೂ ಪಿಸ್ಟನ್, ರಿಂಗು, ಬೇರಿಂಗು ಎಲ್ಲಾ ಸಿಗ್ತಾವ, ಇಲ್ಲಿ ಸಿಗಲಿಲ್ಲ ಅಂದ್ರ ಸೊಲ್ಲಾಪುರ, ಇಲ್ಲಾ ಹೈದರಾಬಾದ್. ಹಳೇ ಕಾರಿನ ಇಂಜಿನ್ ಮನ್ಯಾಗ ಕಟ್ಟೋದು ಕಲೀಬೇಕು ಅನ್ನೋರಿಗಿ ಇದಕಿಂತ ಛಲೋ ಇಂಜಿನ್ ಇಲ್ಲ ಅಂತ ನನ್ನ ಅಭಿಪ್ರಾಯ. ಸಣ್ಣದು, ಹಗುರು, ಒಳಗ ಗೊಂದಲ ಇಲ್ಲ, ಕೈ ಎಲ್ಲಾ ಕಡಿ ಹೋಗ್ತದ.

ನಮ್ಮ ಗಾಡಿ ಎಲ್ಲಾ ಕಡಿಯಿಂದ ಆಯಿಲ್ ಬಿಡ್ತಿತ್ತು. ವಾಲ್ವ್ ಕವರ್, ಆಯಿಲ್ ಪ್ಯಾನ್, ಡಿಸ್ಟ್ರಿಬ್ಯೂಟರ್ (ಪ್ಲಗ್ಗಿಗಿ ಕರೆಂಟ್ ಹಂಚೋದು) ಕೂಡೋ ಕೇಸು, ಗೇರ್‌ಬಾಕ್ಸು ಇಂಜಿನ್ನು ಸೇರೋ ಜಾಗ, ಅಂಗಳದಾಗಿನ ಶಹಾಬಾದ್ ಫರಸಿ ಮ್ಯಾಲ ಕರೀ ಕಲಿ ಹೋಗ್ತಿದ್ದಿಲ್ಲ. ಇದಕಿಂತ ಮುಂಚೆ ಒಂದು ಗ್ಯಾರೇಜಿನೋರು ಕವರ್ ಬಿಚ್ಚಿ, ಹಳೇ ಗ್ಯಾಸ್ಕೆಟ್ ಮ್ಯಾಲೇ ಸಿಲಿಕಾನ್ ಬಳಿದು ಕೊಟ್ಟಿದ್ರು, ಸ್ವಲ್ಪ ದಿನ ನಿಲ್ತು, ಮತ್ತ ಶುರು. ಇಲ್ಲಿ ತಿಳ್ಕೋಬೇಕಾದ ಮಾತು ಒಂದದ, ಹಳೇ ಇಂಜಿನ್ ಆಯಿಲ್ ಬಿಡ್ತದ ಅಂದ್ರ ಸೀಲು ಕೆಟ್ಟದ ಅಂತ ಎಲ್ಲರೂ ಅಂತಾರ, ಖರೆ, ಸೀಲೂ ಕೆಟ್ಟಿರ್ತದ, ಆದ್ರ ಸೀಲಿನ ಹಿಂದ ಒತ್ತಡ ಯಾಕ ಬಂತು ಅಂತ ಯಾರೂ ನೋಡಂಗಿಲ್ಲ. ಬೋರು, ರಿಂಗು ಸವೆದ್ರ ಮ್ಯಾಲ ಸುಡೋ ಗ್ಯಾಸು ಪಿಸ್ಟನ್ ಬಾಜೂಕಿಂದ ಕೆಳಗ ಕ್ರ್ಯಾಂಕ್‌ಕೇಸಿಗಿ ಇಳೀತದ, ಆ ಗ್ಯಾಸು ಹೊರಗ ಹೋಗೋ ಬ್ರೀದರ್ ಪೈಪು ಜಿಡ್ಡು ಕಟ್ಟಿ ಮುಚ್ಚಿತ್ತು ಅಂದ್ರ ಅದು ಎಲ್ಲಿ ಸಡ್ಲು ಸಿಗ್ತದೋ ಅಲ್ಲಿಂದ ಆಯಿಲ್ ದೂಡ್ಕೊಂಡು ಹೊರಗ ಬರ್ತದ. ಅಂಥ ಇಂಜಿನ್ನಿಗಿ ಬಂಗಾರದ ಸೀಲ್ ಹಾಕಿದ್ರೂ ಅದು ಸೋರೋದೇ. ಇಂಜಿನ್ ಚಾಲೂ ಇಟ್ಟು ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡ್ರಿ, ಭಸ್ ಭಸ್ ಅಂತ ಹೊಗಿ ತಳ್ತದ ಅಂದ್ರ ಬರೇ ಸೀಲಿನ ಕೆಲಸ ಅಲ್ಲ ಅದು. ಮೊದಲು ಬ್ರೀದರ್ ಪೈಪು ತೊಳೀರಿ, ಅದ್ರಾಗೇ ನಿಂತ್ರ ನಿಮ್ಮ ಪುಣ್ಯ. ನಮ್ಮದು ನಿಲ್ಲಲಿಲ್ಲ, ಕಂಪ್ರೆಶನ್ ಗೇಜ್ ಹಚ್ಚಿ ನೋಡಿದ್ರ ಎರಡನೇ ಸಿಲಿಂಡರ್ ಉಳಿದೆರಡಕ್ಕಿಂತ ಭಾಳ ಕಮ್ಮಿ, ಪ್ಲಗ್ ತೂತಿನಾಗ ಒಂದು ಚಮಚ ಆಯಿಲ್ ಬಿಟ್ಟು ಮತ್ತ ನೋಡಿದ್ರ ಏರ್ತು. ಆಯಿಲ್ ಬಿಟ್ಟಾಗ ಏರಿದ್ರ ರಿಂಗು ಬೋರಿನ ತಕರಾರು, ಏರಲಿಲ್ಲ ಅಂದ್ರ ವಾಲ್ವ್ ಇಲ್ಲಾ ಹೆಡ್ ಗ್ಯಾಸ್ಕೆಟ್. ಅಲ್ಲಿಗಿ ಇಂಜಿನ್ ಇಳಿಸೋದು ಅಂತ ನಿರ್ಧಾರ ಆತು.

ಇಳಿಸೋದು ಹೆಂಗ ಅಂತ ಉದ್ದ ಬರಿಯಂಗಿಲ್ಲ. ಚೈನ್ ಪುಲ್ಲಿ ಬಾಡಿಗಿಗಿ ಸಿಗ್ತದ, ಕಬ್ಬಿಣ ಗರ್ಡರಿಗೇ ಕಟ್ರಿ, ಬೇವಿನ ಟೊಂಗಿ ಭರೋಸಾ ಮಾಡಬ್ಯಾಡ್ರಿ. ಪ್ರತಿ ವೈರಿಗೂ ಪೈಪಿಗೂ ಟೇಪ್ ಹಚ್ಚಿ ನಂಬರ್ ಬರೀರಿ, ಮೊಬೈಲ್‌ದಾಗ ಫೋಟೋ ತೆಗೀರಿ. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವ ಇರೋ ಕನೆಕ್ಟಿಂಗ್ ರಾಡಿನ ಕ್ಯಾಪು ಒಂದರದು ಒಂದಕ್ಕ ಹೋಗಬಾರ್ದು, ಅದಕ ಬಿಚ್ಚೋಕಿಂತ ಮುಂಚೇನೇ ಗುರ್ತು ಹಾಕ್ರಿ.

ಈಗ ಅಂಗಡಿ ಮಾತು. ಬ್ಲಾಕು, ಕ್ರ್ಯಾಂಕು, ಹೆಡ್ಡು ಮೂರೂ ಆಟೋದಾಗ ಹಾಕ್ಕೊಂಡು ಹೋದೆ. ಕಪನೂರ ಕಡಿ ಹೋದೋರಿಗಿ ಗೊತ್ತಿರ್ತದ, ಅಲ್ಲಿ ಬರೋದು ಜಾಸ್ತಿ ದಾಲ್ ಮಿಲ್ಲಿನ ಶಾಫ್ಟು, ಟ್ರ್ಯಾಕ್ಟರ್ ಬ್ಲಾಕು, ಲಾರಿ ಕ್ರ್ಯಾಂಕು, ನಮ್ಮ 800ರ ಬ್ಲಾಕು ಅವುಗಳ ನಡುವ ಇಟ್ರ ಕಾಣಂಗೇ ಇಲ್ಲ. ಆದ್ರೂ ಉಸ್ತಾದ್ ಅವರು ಅದನ್ನ ಸಣ್ಣದು ಅಂತ ಬಾಜೂಕ ಒಗೀಲಿಲ್ಲ. ವಯಸ್ಸಾದೋರು, ಮೂಗಿನ ತುದಿಗಿ ಚಸ್ಮಾ, ಬೋರ್ ಗೇಜು ತಗೊಂಡು ಪ್ರತಿ ಸಿಲಿಂಡರಿಗೂ ಮ್ಯಾಲ, ನಡುವ, ಕೆಳಗ, ಮತ್ತ ಪ್ರತಿ ಕಡಿ ಉದ್ದಕ್ಕೊಂದು ಅಡ್ಡಕ್ಕೊಂದು ಅಳತಿ ತಗೊಂಡ್ರು. ಬೇರಿಂಗ್ ಡಬ್ಬಿಯ ರಟ್ಟು ಹರಿದು ಅದರ ಮ್ಯಾಲ ಎಲ್ಲಾ ಬರ್ದು ನನ್ನ ಕೈಯಾಗ ಕೊಟ್ರು. ಎರಡನೇ ಸಿಲಿಂಡರು ಮ್ಯಾಲ 68.62, ಕೆಳಗ 68.53, ಜೊತಿಗಿ ಗೋಡಿ ಮ್ಯಾಲ ಉಗುರು ಸಿಗೋವಷ್ಟು ಗೀರು. ಮ್ಯಾಲೇ ಯಾಕ ಜಾಸ್ತಿ ಸವೀತದ ಅಂದ್ರ, ಸುಡೋ ಒತ್ತಡ ಅಲ್ಲೇ ಜಾಸ್ತಿ, ರಿಂಗು ಗೋಡಿಗಿ ಗಟ್ಟಿ ಒತ್ತೋದು ಅಲ್ಲೇ, ಆಯಿಲ್ ಕಮ್ಮಿ ಸಿಗೋದೂ ಅಲ್ಲೇ. ನಾನು ಮೂಲಕಿಂತ 0.25 ಮಿ.ಮೀ. ದೊಡ್ಡ ಪಿಸ್ಟನ್, ಅಂದ್ರ 0.25 ಓವರ್‌ಸೈಜ್ ಸಾಕಾಗಂಗಿಲ್ಲೇನ್ರಿ ಉಸ್ತಾದ್ ಅಂದ್ರ, ಗೀರು ಹೋಗಂಗಿಲ್ಲ ಸಾಹೇಬ್ರ, 0.50 ಹಾಕ್ರಿ, ಮೂರಕ್ಕೂ ಒಂದೇ ಸೈಜು ಇರ್ಲಿ ಅಂದ್ರು. ಅಂದ್ರ ಬೋರು 69.00 ಮಿ.ಮೀ. ಲೆಕ್ಕ ಹಾಕಿದ್ರ 796 ಇದ್ದ ಇಂಜಿನ್ ಸುಮಾರು 808 ಸಿಸಿ ಆಗ್ತದ. ಅದರಿಂದ ಓಟದಾಗ ಫರಕ್ ಏನೂ ತಿಳಿಯಂಗಿಲ್ಲ ಬಿಡ್ರಿ.

ನನಗ ಈ ಅಂಗಡಿ ಮ್ಯಾಲ ಪೂರಾ ಭರೋಸಾ ಬಂದದ್ದು ಮುಂದಿನ ಮಾತಿಗಿ. ಬ್ಲಾಕು ಇಟ್ಟು ಹೋಗ್ತೀನಿ, ಬೋರ್ ಮಾಡಿ ಇಡ್ರಿ, ಪಿಸ್ಟನ್ ಆಮ್ಯಾಲ ತರ್ತೀನಿ ಅಂದೆ. ಇಲ್ರಿ, ಪಿಸ್ಟನ್ ನನ್ನ ಕೈಗಿ ಬರೋ ತನಕ ಮಷಿನ್ ಹಚ್ಚಂಗಿಲ್ಲ ಅಂದ್ರು. ಇದು ಸರಿ ಪದ್ಧತಿ. ಡಬ್ಬಿ ಮ್ಯಾಲ 0.50 ಅಂತ ಬರ್ದಿದ್ರೂ ಪಿಸ್ಟನ್ ಅಳತಿ ಕೂದಲೆಳಿ ಹಿಂದ ಮುಂದ ಇರ್ತದ, ಪಿಸ್ಟನ್ನಿಗೂ ಬೋರಿಗೂ ನಡುವ ಬಿಡೋ ಜಾಗ ಮಿಲಿಮೀಟರಿನ ನೂರನೇ ಭಾಗದ ನಾಕೈದು ಪಾಲು ಅಷ್ಟೇ, ಅದಕ್ಕ ಕೈಯಾಗಿನ ಪಿಸ್ಟನ್ ಅಳದು ಆ ಪಿಸ್ಟನ್ನಿಗಿ ಆ ಬೋರು ಅಂತ ಕೊರೀಬೇಕು. ಜಾಗ ಕಮ್ಮಿ ಆದ್ರ ನಮ್ಮ ಕಲಬುರಗಿ ಬಿಸಲಾಗ, ಮೇ ತಿಂಗಳು 43-44 ಡಿಗ್ರಿ ಇರೋವಾಗ ಸಿಗ್ನಲ್‌ನಾಗ ನಿಂತ್ರ ಪಿಸ್ಟನ್ ಹಿಗ್ಗಿ ಹಿಡ್ಕೋತದ, ಜಾಸ್ತಿ ಆದ್ರ ಮುಂಜಾನಿ ಚಾಲೂ ಮಾಡಿದಾಗ ಟಕ್ ಟಕ್ ಸಪ್ಪಳ, ಆಯಿಲ್ ಸುಡೋದು ಹಂಗೇ ಉಳೀತದ. ಪಿಸ್ಟನ್ ನೋಡ್ದೆ ಬೋರ್ ಮಾಡಿ ಕೊಡ್ತೀವಿ, ಸಂಜಿಗಿ ಬಂದು ಒಯ್ರಿ ಅನ್ನೋ ಅಂಗಡಿಯೋರು ಎಲ್ಲೇ ಸಿಕ್ರೂ ಬ್ಲಾಕ್ ಎತ್ಕೊಂಡು ವಾಪಸ್ ಬರ್ರಿ.

ಬೋರ್ ಆದ ಮ್ಯಾಲ ಹೋನಿಂಗು. ಗೋಡಿ ಮ್ಯಾಲ ಒಂದಕ್ಕೊಂದು ಅಡ್ಡ ಬರೋ ಸಣ್ಣ ಗೀಟು ಬಿಡ್ತಾರ, ಆ ಗೀಟಿನಾಗ ಆಯಿಲ್ ನಿಲ್ತದ, ಹೊಸಾ ರಿಂಗು ಅದಕ ಉಜ್ಜಿ ಕೂಡ್ತದ. ಅವರ ಹೋನಿಂಗು ಛಂದ ಬಂದಿತ್ತು, ಮೂರೂ ಸಿಲಿಂಡರ್‌ದಾಗ ಮ್ಯಾಲಿಂದ ಕೆಳಗಿನ ತನಕ ಗೀಟು ಒಂದೇ ಸಮ. ಕ್ರ್ಯಾಂಕಿನ ಮೇನ್ ಜರ್ನಲ್ (ಬ್ಲಾಕಿನಾಗ ಕೂತು ತಿರುಗೋ ಭಾಗ) ಅಳದು ನೋಡಿ ಪಾಲಿಶ್ ಸಾಕು ಅಂದ್ರು, ಬಿಗ್ ಎಂಡ್ ಜರ್ನಲ್ (ಕನೆಕ್ಟಿಂಗ್ ರಾಡ್ ಕೂಡೋ ಭಾಗ) ಮಾತ್ರ 0.25 ಗ್ರೈಂಡ್ ಮಾಡಿ ಆ ಸೈಜಿನ ಬೇರಿಂಗ್ ಹೇಳಿದ್ರು. ಎಲ್ಲಾ ಗ್ರೈಂಡ್ ಮಾಡಿದ್ರ ಅವರಿಗೇ ರೊಕ್ಕ ಜಾಸ್ತಿ ಬರ್ತಿತ್ತು, ಬ್ಯಾಡ ಅಂದೋರು ಅವರೇ. ಜರ್ನಲ್ಲಿನ ಅಂಚಿನಾಗ ಇರೋ ಗುಂಡನೆ ಮೂಲಿಯನ್ನ ಚೂಪ ಮಾಡದೆ ಹಂಗೇ ಬಿಟ್ಟಾರ, ಅದು ಚೂಪ ಆದ್ರ ಕ್ರ್ಯಾಂಕು ಅಲ್ಲಿಂದೇ ಬಿರೀತದ, ಇದನ್ನ ಲಕ್ಷ್ಯ ಕೊಟ್ಟು ನೋಡ್ರಿ.

ಹೆಡ್ಡಿನ ಕೆಲಸಾನೂ ಅಲ್ಲೇ. ಸ್ಟ್ರೇಟ್ ಎಡ್ಜ್ (ನೆಟ್ಟಗಿನ ಪಟ್ಟಿ) ಇಟ್ಟು ಕೆಳಗ ಫೀಲರ್ ಗೇಜ್ (ಸಂದು ಅಳೆಯೋ ತೆಳ್ಳನ ತಗಡು) ತೂರಿಸಿ ತೋರಿಸಿದ್ರು, 0.05 ಮಿ.ಮೀ.ಕಿಂತ ಜಾಸ್ತಿ ಸೊಟ್ಟ ಇದ್ರ ಫೇಸಿಂಗ್ ಮಾಡ್ಬೇಕು, ನಮ್ಮದು ಇತ್ತು. ಎಷ್ಟು ಬೇಕೋ ಅಷ್ಟೇ ತೆಗೆದ್ರು. ವಾಲ್ವ್ ಸೀಟು ಕಟ್ ಮಾಡಿ, ವಾಲ್ವ್ ಉಜ್ಜಿ, ಹೆಡ್ಡು ತಿರುವಿ ಹಾಕಿ ಸೀಮಿಎಣ್ಣಿ ಸುರುವಿ ಬಿಟ್ರು, ಚಹಾ ಕುಡ್ಯೋ ತನಕ ನೋಡಿದ್ವಿ, ಪೋರ್ಟಿನಾಗ ಹನಿ ಬರ್ಲಿಲ್ಲ.

ಅಂಗಡಿದಾಗ ಕೊರತಿ ಇಲ್ಲ ಅಂತ ಅಲ್ಲ. ತೊಳೆಯೋದು ಅವರಲ್ಲಿ ಬರೇ ಡೀಸೆಲ್ ಮತ್ತ ಬ್ರಶ್ಶು, ಬಿಸಿ ಟ್ಯಾಂಕ್ ಇಲ್ಲ, ಬ್ಲಾಕಿನ ಆಯಿಲ್ ಹೋಗೋ ತೂತಿನಾಗ ಕಬ್ಬಿಣ ಪುಡಿ ಉಳಿದಿತ್ತು. ನಾನು ಮನಿಗಿ ತಂದು ಬಿಸಿ ನೀರು, ಬಟ್ಟಿ ತೊಳೆಯೋ ಸಾಬೂನು ಪುಡಿ, ಉದ್ದನ ಸಣ್ಣ ಬ್ರಶ್ಶು ಹಾಕಿ ತಿಕ್ಕಿ ತಿಕ್ಕಿ ತೊಳ್ದೆ. ಪೆಟ್ರೋಲು, ಡೀಸೆಲ್ಲು ಹಾಕಿದ್ರ ಹೋನಿಂಗಿನ ಕಲ್ಲಿನ ಪುಡಿ ಹೋಗಂಗಿಲ್ಲ, ಸಾಬೂನು ನೀರಿಗಿ ಮಾತ್ರ ಅದು ಮ್ಯಾಲ ಎದ್ದು ಬರ್ತದ. ತೊಳೆದು ಗಾಳಿ ಹೊಡೆದು, ಬೋರಿಗಿ ಆಯಿಲ್ ಹಚ್ಚಿ ಬಿಳೀ ಬಟ್ಟಿಲೆ ಒರೆಸ್ರಿ, ಬಟ್ಟಿಗಿ ಕರೇದು ಹತ್ತೋದು ನಿಲ್ಲೋ ತನಕ ತೊಳೆಯೋದು ಮುಗಿದಿಲ್ಲ. ಇದು ಅಂಗಡಿಯೋರೇ ಮಾಡಿ ಕೊಡ್ಬೇಕಾದ ಕೆಲಸ, ಇದಕ ನಾನು ಅವರಿಗಿ ನಂಬರ್ ಕಮ್ಮಿ ಕೊಡ್ತೀನಿ. ಇನ್ನೊಂದು, ಸುಗ್ಗಿ ಹೊತ್ತಿನಾಗ ಟ್ರ್ಯಾಕ್ಟರ್ ಕೆಲಸ ಬಂತಂದ್ರ ಕಾರಿನ ಕೆಲಸ ಹಿಂದ ಬೀಳ್ತದ, ನಾಳಿ ಅಂದದ್ದು ನಾಡದ್ದು ಆಗ್ತದ. ತೊಗರಿ ಸುಗ್ಗಿ ಬಿಟ್ಟು ಹೋಗ್ರಿ.

ರೇಟು ಬ್ಲಾಕ್ ನೋಡಿ ಹೇಳ್ತಾರ, ನಮ್ಮ ಮೂರು ಬೋರು, ಕ್ರ್ಯಾಂಕು, ಹೆಡ್ಡು ಎಲ್ಲಾ ಸೇರಿ ಐದಂಕಿ ಮುಟ್ಟಲಿಲ್ಲ. ಇಡೀ ಖರ್ಚಿನಾಗ ಸಾಮಾನಿಂದೇ ದೊಡ್ಡ ಪಾಲು.

ಸಾಮಾನಿಗಿ ಬರ್ತೀನಿ. ಫುಲ್ ಗ್ಯಾಸ್ಕೆಟ್ ಕಿಟ್ ಅಂತ ಒಂದೇ ಕವರಿನಾಗ ಎಲ್ಲಾ ಹಾಕಿ ಮಾರ್ತಾರ, ನಾನು ತಗೊಂಡದ್ದು ಲೋಕಲ್ ಕಂಪನಿದು. ಹೆಡ್ ಗ್ಯಾಸ್ಕೆಟ್ ಛಲೋ ಇತ್ತು, ಹಳೇದರ ಮ್ಯಾಲ ಇಟ್ಟು ನೋಡಿದ್ರ ಪ್ರತಿ ನೀರಿನ ತೂತು, ಆಯಿಲ್ ತೂತು ಕೂಡ್ತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟೂ ಸರಿ. ಆಯಿಲ್ ಪ್ಯಾನಿಗಿ ಕೊಟ್ಟ ಕಾರ್ಕು ಮಾತ್ರ ಕಟಕ್ ರೊಟ್ಟಿ ಇದ್ದಂಗಿತ್ತು, ಬಗ್ಗಿಸಿದ್ರ ಮುರೀತು, ಎಷ್ಟು ವರ್ಷ ಗೋಡೌನಿನಾಗ ಬಿದ್ದಿತ್ತೋ ಏನೋ. ವಾಲ್ವ್ ಕವರಿಂದು ಉದ್ದಕ ಕಮ್ಮಿ ಬಂತು. ಎರಡೂ ಕಂಪನಿ ಅಸಲಿ ತಂದು ಹಾಕ್ದೆ. ನನ್ನ ಸಲಹಾ ಏನಂದ್ರ ಕಿಟ್ ತಗೊಳ್ರಿ, ಸಣ್ಣ ಪುಟ್ಟ ಕಾಗದದ ಗ್ಯಾಸ್ಕೆಟ್ಟಿಗಿ ಅದೇ ಸಾಕು, ಆದ್ರ ಅಂಗಡ್ಯಾಗೇ ಕವರ್ ಬಿಚ್ಚಿ ಕಾರ್ಕು ರಬ್ಬರು ಬಗ್ಗಿಸಿ ನೋಡ್ರಿ, ವಾಲ್ವ್ ಕವರು, ಕ್ರ್ಯಾಂಕಿನ ಮುಂದಿನ ಸೀಲು, ಹಿಂದಿನ ಸೀಲು, ಕ್ಯಾಮ್ ಸೀಲು, ವಾಲ್ವ್ ಸ್ಟೆಮ್ ಸೀಲು ಇಷ್ಟಕ್ಕ ರೊಕ್ಕ ಉಳಿಸ್ಲಿಕ್ಕ ಹೋಗಬ್ಯಾಡ್ರಿ. ಹಿಂದಿನ ಸೀಲ್ ಬದಲಿ ಮಾಡ್ಬೇಕಂದ್ರ ಗೇರ್‌ಬಾಕ್ಸು, ಕ್ಲಚ್ಚು, ಫ್ಲೈವೀಲು ಎಲ್ಲಾ ಇಳಿಸ್ಬೇಕು. ಸಣ್ಣ ಸೀಲಿಗಿ ಅಷ್ಟೆಲ್ಲಾ ಮತ್ತೊಮ್ಮೆ ಬಿಚ್ಚೋದು ಯಾರಿಗಿ ಬೇಕು. ಕ್ಯಾಮ್ ಸೀಲ್ ಸೋರಿದ್ರ ಆಯಿಲ್ ಟೈಮಿಂಗ್ ಬೆಲ್ಟಿಗಿ ಬೀಳ್ತದ, ಆಯಿಲ್ ಕುಡಿದ ಬೆಲ್ಟ್ ಬಾಳಂಗಿಲ್ಲ.

ಸೀಲಿನ ರಬ್ಬರು ಎಲ್ಲಾ ಒಂದೇ ಅಲ್ಲ. ಅಂಗಡ್ಯಾಗ ಕಮ್ಮಿ ರೇಟಿಗಿ ಸಿಗೋದು ನೈಟ್ರೈಲ್, ಅದು ಸುಮಾರು 100-120 ಡಿಗ್ರಿ ತನಕ ತಡೀತದ. ವೈಟಾನ್ ಅಂತ ಇನ್ನೊಂದು, 200 ಡಿಗ್ರಿ ತನಕ ತಡೀತದ, ರೇಟು ಜಾಸ್ತಿ. ಸೈಜು ಸಿಕ್ರ ಹಿಂದಿನ ಸೀಲಿಗಿ, ವಾಲ್ವ್ ಸ್ಟೆಮ್ಮಿಗಿ ವೈಟಾನ್ ಹಾಕ್ರಿ, ನಮ್ಮ ಬಿಸಲಿಗಿ ಅದೇ ಬೇಕು. ಕೂಡಿಸೋವಾಗ ಸೀಲಿನ ತುಟಿಗಿ ಆಯಿಲ್ ಹಚ್ಚಿ, ಸೀಲಿನಷ್ಟೇ ಅಗಲದ ಪೈಪಿನ ತುಂಡು ಇಟ್ಟು ಸುತ್ತಲೂ ಸಮಾ ಬಡೀರಿ, ಒಂದು ಕಡಿ ಬಡಿದ್ರ ಸೊಟ್ಟ ಕೂಡ್ತದ. ಹಳೇ ಸೀಲಿನ ತುಟಿ ಓಡಿ ಓಡಿ ಕ್ರ್ಯಾಂಕಿನ ಮ್ಯಾಲ ಒಂದು ಗೆರಿ ಬಿದ್ದಿರ್ತದ, ಹೊಸಾ ಸೀಲಿನ ತುಟಿ ಅದೇ ಗೆರ್ಯಾಗ ಕೂತ್ರ ಮೊದಲ ದಿನಾನೇ ಸೋರ್ತದ. ನಮ್ಮದಕ್ಕೂ ಗೆರಿ ಇತ್ತು, ಉಸ್ತಾದ್ ಅವರೇ ಹೇಳಿದ್ರು, ಹೌಸಿಂಗಿನಾಗ ಜಾಗ ಇದ್ರ ಸೀಲನ್ನ ಒಂದು ಮಿಲಿಮೀಟರ್ ಹಿಂದ ಮುಂದ ಮಾಡಿ ಕೂಡಿಸ್ರಿ, ಹೊಸಾ ಜಾಗಕ್ಕ ತುಟಿ ಹತ್ತಲಿ ಅಂತ. ಮಷಿನ್ ಕೆಲಸಕ್ಕ ಬಂದೋರಿಗಿ ಇಷ್ಟು ಬಿಡಿಸಿ ಹೇಳೋ ಅಂಗಡಿ ನಾನು ಬ್ಯಾರೆ ಕಡಿ ನೋಡಿಲ್ಲ.

ಸಿಲಿಕಾನ್‌ದ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ ಯಾಕಂದ್ರ ಎಲ್ಲರೂ ಕೆಡಸೋದು ಇಲ್ಲೇ. ನಾನು ತಗೊಂಡದ್ದು ಅನಾಬಾಂಡ್ ಟ್ಯೂಬು, ಸೂಪರ್ ಮಾರ್ಕೆಟ್ ಕಡಿ ಆಟೋಮೊಬೈಲ್ ಅಂಗಡ್ಯಾಗ ಸಿಗ್ತದ, ಕೆಲಸ ಛಲೋ ಕೊಟ್ಟದ. ಆದ್ರ ಯಾವ ಕಂಪನಿದೇ ಇರ್ಲಿ, ಜಾಗ ಸ್ವಚ್ಛ ಇರಲಿಲ್ಲ ಅಂದ್ರ ಹಿಡಿಯಂಗಿಲ್ಲ. ಹಳೇ ಗ್ಯಾಸ್ಕೆಟ್ ಕೆರೆದು ತೆಗೀರಿ, ಅಲ್ಯೂಮಿನಿಯಂ ಮ್ಯಾಲ ಕಬ್ಬಿಣ ಬ್ಲೇಡು ಹಚ್ಚಬ್ಯಾಡ್ರಿ, ಗೀರು ಬಿದ್ರ ಅಲ್ಲಿಂದೇ ಸೋರ್ತದ, ಪ್ಲಾಸ್ಟಿಕ್ ಇಲ್ಲಾ ಕಟ್ಟಿಗಿ ಚೂರು ಸಾಕು, ತಿನ್ನರ್ ಹಚ್ಚಿದ ಬಟ್ಟಿಲೆ ಜಿಡ್ಡು ಪೂರಾ ಒರೆಸ್ರಿ. ಸಿಲಿಕಾನ್ ಎರಡು-ಮೂರು ಮಿಲಿಮೀಟರ್ ದಪ್ಪದ ಒಂದೇ ಎಳಿ ಸಾಕು, ಬೋಲ್ಟಿನ ತೂತಿನ ಒಳಬಾಜೂಕ ಸುತ್ತಿ ಹೋಗ್ಬೇಕು. ಜಾಸ್ತಿ ಹಾಕಿದ್ರ ಹೊರಗ ಬಂದದ್ದು ಕಣ್ಣಿಗಿ ಕಾಣ್ತದ, ಅಷ್ಟೇ ಒಳಗೂ ಹೋಗಿರ್ತದ, ಅದು ಹರಿದು ಆಯಿಲ್ ಪಂಪಿನ ಜಾಳಿಗಿ ಮುಚ್ಚಿದ್ರ ಇಂಜಿನ್ ಹೋತು. ನಮ್ಮ ಪ್ಯಾನ್ ಬಿಚ್ಚಿದಾಗ ಆ ಹಳೇ ಗ್ಯಾರೇಜಿನೋರ ಸಿಲಿಕಾನ್ ಚೂರು ಜಾಳಗಿಗಿ ಅಂಟಿದ್ದು ನೋಡಿ ಎದಿ ಝಲ್ ಅಂತು.

ಇನ್ನೊಂದು ಮಾತು ನಮ್ಮ ಊರಿನೋರು ತಿಳ್ಕೋಬೇಕು. ಈ ಸಿಲಿಕಾನ್ ಗಟ್ಟಿ ಆಗೋದು ಬಿಸಲಿಗಲ್ಲ, ಗಾಳಿಯಾಗಿನ ತೇವಕ್ಕ. ಬ್ಯಾಸಗಿದಾಗ ಕಲಬುರಗಿ ಗಾಳಿ ಒಣಾ ಇರ್ತದ, ಬಿಸಲು ಜೋರದ ಲಗೂನೇ ಒಣಗ್ತದ ಅಂತ ತಿಳ್ಕೊಂಡು ಸಂಜಿಗೇ ಆಯಿಲ್ ಹಾಕಿ ಚಾಲೂ ಮಾಡ್ತಾರ, ಒಳಗ ಹಸೀ ಇರ್ತದ. ಟ್ಯೂಬ್ ಮ್ಯಾಲ 24 ತಾಸು ಅಂತ ಇದ್ರ ಬ್ಯಾಸಗಿದಾಗ ಇನ್ನೊಂದು ದಿನ ಕೂಡಿಸಿ ಬಿಡ್ರಿ. ಹೆಡ್ ಗ್ಯಾಸ್ಕೆಟ್ಟಿಗಿ ಏನೂ ಹಚ್ಚಬ್ಯಾಡ್ರಿ, ಒಣಾನೇ ಕೂಡಿಸ್ರಿ. ಕಾರ್ಕ್ ಇರೋ ಕಡಿ ಮೂಲಿಗಷ್ಟೇ ಚುಕ್ಕಿ. ಆಯಿಲ್ ಪ್ಯಾನಿನ ಬೋಲ್ಟು ಬಿಗಿದು ಬಿಗಿದು ತಗಡಿನ ಅಂಚು ತೂತಿನ ಹತ್ರ ತಗ್ಗು ಬಿದ್ದಿರ್ತದ, ಕೆಳಗ ಕಟ್ಟಿಗಿ ಇಟ್ಟು ಸುತ್ತಿಗಿಲೆ ಸಪಾಟ ಮಾಡಿಕೊಂಡೇ ಹಾಕ್ರಿ, ಅದು ಮಾಡದೆ ಎಷ್ಟು ಸಿಲಿಕಾನ್ ಹಾಕಿದ್ರೂ ವ್ಯರ್ಥ.

ನೀರಿನ ಕಡಿ ಬಂದ್ರ ನಮ್ಮ ಬೋರ್‌ವೆಲ್ ನೀರು ಗಡಸು, ಇದು ಸುಣ್ಣಕಲ್ಲಿನ ನಾಡು, ಶಹಾಬಾದ್, ವಾಡಿ, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಅದಕ್ಕೇ ಬಂದಾವ. ವರ್ಷಗಟ್ಟಲೆ ಅದೇ ನೀರು ರೇಡಿಯೇಟರಿಗಿ ಸುರುವಿದ್ರ ಬ್ಲಾಕಿನೊಳಗ ಬಿಳೀ ಪದರು ಕಟ್ಟಿರ್ತದ, ಬ್ಲಾಕಿನ ಬಾಜೂಕ ನೀರಿನ ತೂತು ಮುಚ್ಚೋ ತಗಡಿನ ಕೋರ್ ಪ್ಲಗ್ಗು ಒಳಗಿಂದ ಜಂಗು ಹಿಡಿದು ಹಾಳಿಯಷ್ಟು ತೆಳ್ಳಗ ಆಗಿರ್ತಾವ. ಬ್ಲಾಕ್ ಕೈಯಾಗ ಇದ್ದಾಗಲೇ ಎಲ್ಲಾ ಪ್ಲಗ್ ಬದಲಿ ಮಾಡಿಸ್ರಿ, ಉಸ್ತಾದ್ ಅಂಗಡ್ಯಾಗೇ ಹಾಕಿ ಕೊಡ್ತಾರ. ಆಮ್ಯಾಲ ಕೂಲಂಟ್ ಹಾಕ್ರಿ, ಕೂಡಿಸೋ ನೀರು ಬ್ಯಾಟ್ರಿಗಿ ಹಾಕೋ ಡಿಸ್ಟಿಲ್ಡ್ ನೀರೇ ಇರ್ಲಿ.

ಕಟ್ಟೋದು ಗಡಿಬಿಡಿ ಮಾಡಬ್ಯಾಡ್ರಿ. ಪಿಸ್ಟನ್ನಿನ ಮ್ಯಾಲಿನ ಎರಡು ರಿಂಗನ್ನ ಬೋರಿನಾಗ ಬಿಟ್ಟು ಬಾಯಿ ಗ್ಯಾಪ್ ಅಳೀರಿ, 0.15ರಿಂದ 0.35 ಮಿ.ಮೀ. ನಡುವ ಇರ್ಬೇಕು, ಅಕ್ಷರ ಬರೆದ ಬಾಜೂ ಮ್ಯಾಲ, ಮೂರೂ ರಿಂಗಿನ ಬಾಯಿ ಒಂದೇ ಕಡಿ ಬರಬಾರ್ದು. ಮೇನ್ ಕ್ಯಾಪಿನ ಮ್ಯಾಲ ಬಾಣದ ಗುರ್ತು ಇರ್ತದ, ಅದು ಪುಲ್ಲಿ ಕಡಿ. ಪ್ರತಿ ಕ್ಯಾಪ್ ಬಿಗಿದ ಮ್ಯಾಲ ಕ್ರ್ಯಾಂಕ್ ಕೈಲೆ ತಿರುವಿ ನೋಡ್ರಿ, ಗಟ್ಟಿ ಆತಂದ್ರ ಅಲ್ಲೇ ನಿಂದ್ರಿ, ಹುಡುಕ್ರಿ. ಹೆಡ್ ಬೋಲ್ಟಿನ ತೂತಿನಾಗ ಆಯಿಲ್ಲು ನೀರು ಉಳಿಬಾರ್ದು, ಉಳಿದ್ರ ಬೋಲ್ಟು ಇಳೀವಾಗ ಅದು ಎಲ್ಲೂ ಹೋಗ್ಲಿಕ್ಕ ಆಗದೆ ಬ್ಲಾಕನ್ನೇ ಸೀಳ್ತದ. ಟಾರ್ಕ್ ರೆಂಚು (ಬಿಗಿತ ಅಳೆಯೋ ಪಾನಾ) ಬೇಕೇ ಬೇಕು, ಅಂದಾಜು ನಡಿಯಂಗಿಲ್ಲ, ನಡುವಿಂದ ಶುರು ಮಾಡಿ ಹೊರಗಿನ ಕಡಿ, ಮೂರು ಹಂತದಾಗ, ಕೊನೀಗಿ 55ರಿಂದ 60 ನ್ಯೂಟನ್ ಮೀಟರ್. ಡಿಸ್ಟ್ರಿಬ್ಯೂಟರ್ ಕೇಸಿನ ಓ ರಿಂಗು ಬದಲಿ ಮಾಡಿ ಅದರೊಳಗ ಸ್ವಲ್ಪ ಆಯಿಲ್ ಹಾಕಿ ಮುಚ್ರಿ. ಫೈರಿಂಗ್ ಆರ್ಡರ್ (ಸಿಲಿಂಡರಿಗಿ ಕಿಡಿ ಹೊಡೆಯೋ ಸರದಿ) 1-3-2.

ಪೆಟ್ರೋಲ್ ಪೈಪೂ ಮರೀಬ್ಯಾಡ್ರಿ. ಈಗ ಬಂಕಿನಾಗ ಬರೋದು 20% ತನಕ ಎಥೆನಾಲ್ ಕೂಡಿದ ಪೆಟ್ರೋಲು, ಹಳೇ ರಬ್ಬರು ಅದನ್ನ ತಡಿಯಂಗಿಲ್ಲ, ಉಬ್ತದ, ಬಿರೀತದ. ಪೈಪು, ಫ್ಯೂಯಲ್ ಪಂಪಿನ ಡಯಾಫ್ರಮ್ಮು, ಕಾರ್ಬುರೇಟರ್ ಕಿಟ್ಟು ಎಲ್ಲಾ ಇದೇ ಹೊತ್ತಿನಾಗ ಹೊಸಾದು ಹಾಕ್ದೆ. ಪಂಪಿನ ಡಯಾಫ್ರಮ್ ಹರಿದ್ರ ಪೆಟ್ರೋಲು ಇಂಜಿನ್ ಆಯಿಲ್ಲಿಗಿ ಇಳೀತದ, ಹೊಸಾ ಬೇರಿಂಗಿಗಿ ಅದಕಿಂತ ಕೆಟ್ಟದ್ದಿಲ್ಲ.

ಚಾಲೂ ಮಾಡೋ ದಿನ ಮೊದಲು ಪ್ಲಗ್ ಮೂರೂ ತೆಗೆದು, ಆಯಿಲ್ ಲೈಟ್ ಆರೋ ತನಕ ಸೆಲ್ಫ್ ಹೊಡೆದ್ವಿ, ಆಮ್ಯಾಲ ಪ್ಲಗ್ ಹಾಕಿ ಚಾಲೂ. ಹೊಸಾ ರಿಂಗಿಗಿ ಸುಮ್ನ ನಿಂದ್ರಿಸಿ ಐಡ್ಲಿಂಗ್ ಬಿಡೋದು ಒಳ್ಳೇದಲ್ಲ, ರೋಡಿಗಿ ತಗೊಂಡು ಹೋಗಿ ಸ್ಪೀಡ್ ಏರಿಸಿ ಇಳಿಸಿ ಓಡಿಸ್ಬೇಕು, ಜೇವರ್ಗಿ ರೋಡು ಅದಕ ಛಲೋ ಜಾಗ. 500 ಕಿ.ಮೀ.ಗಿ ಆಯಿಲ್ಲು, ಫಿಲ್ಟರು ಬದಲಿ, ವಾಲ್ವ್ ಕ್ಲಿಯರೆನ್ಸ್ ಮತ್ತೊಮ್ಮೆ ನೋಡಿದ್ವಿ. ಈಗ ಮೂರೂ ಸಿಲಿಂಡರಿನ ಕಂಪ್ರೆಶನ್ ಒಂದಕ್ಕೊಂದು ಹತ್ರ ಹತ್ರ ಅದ, ಮುಂಜಾನಿ ಬರೋ ನೀಲಿ ಹೊಗಿ ಹೋತು, ಆಯಿಲ್ ಮುಚ್ಚಳ ತೆಗೆದ್ರ ಭಸ್ ಅನ್ನಂಗಿಲ್ಲ. ಒಂದು ಪೂರಾ ಬ್ಯಾಸಗಿ ಓಡ್ಯದ, ಸೀಲು ಎಲ್ಲಾ ಒಣಾ ಅವ. ಒಂದೇ ಕಡಿ ಸ್ವಲ್ಪ ಜಿಡ್ಡು ಕಂಡಿತ್ತು, ಇಂಜಿನ್ ತೊಳೆದು ಮ್ಯಾಲ ಪೌಡರ್ ಉದುರಿಸಿ ಓಡಿಸಿ ನೋಡಿದ್ರ ಆಯಿಲ್ ಪ್ರೆಶರ್ ಸ್ವಿಚ್ಚು, ಅದನ್ನ ಬದಲಿ ಮಾಡಿದ ಮ್ಯಾಲ ಅದೂ ನಿಂತದ. ಸೋರೋದು ಎಲ್ಲಿಂದ ಅಂತ ಹುಡುಕ್ಲಿಕ್ಕ ಮುಖಕ್ಕ ಹಚ್ಚೋ ಪೌಡರಿಗಿಂತ ಛಲೋ ಸಾಧನ ಇಲ್ಲ, ಆಯಿಲ್ ಕೆಳಗ ಮತ್ತ ಹಿಂದಕ್ಕ ಹರೀತದ, ಅದಕ ಹಸಿ ಕಂಡ ಜಾಗದಾಗ ಎಲ್ಲಕಿಂತ ಮ್ಯಾಲಿಂದು ಯಾವುದೋ ಅದೇ ಕಳ್ಳ.

ಯಾರರೆ ನಿಮಗ ಇಷ್ಟೆಲ್ಲಾ ಯಾಕ, ಸೆಕೆಂಡ್ ಹ್ಯಾಂಡ್ ಹಾಫ್ ಇಂಜಿನ್ (ಹೆಡ್ ಇಲ್ಲದೆ ಬ್ಲಾಕು, ಕ್ರ್ಯಾಂಕು, ಪಿಸ್ಟನ್ನು ಕೂಡಿದ್ದು) ತಂದು ಕೂಡಿಸ್ರಿ ಅಂದ್ರ ಎರಡು ಸಲ ವಿಚಾರ ಮಾಡ್ರಿ, ಇಂಜಿನ್ ನಂಬರ್ ಇರೋದು ಬ್ಲಾಕಿನ ಮ್ಯಾಲ, ಆರ್‌ಸಿದಾಗಿನ ನಂಬರಿಗಿ ಅದು ಕೂಡಲಿಲ್ಲ ಅಂದ್ರ 15 ವರ್ಷ ದಾಟಿದ ಗಾಡಿ ಮರು ನೋಂದಣಿಗಿ ಆರ್‌ಟಿಓಕ್ಕ ಒಯ್ದಾಗ ತಕರಾರು. ಬೋರ್ ಮಾಡಿಸಿದ್ರ ನಂಬರ್ ಹಂಗೇ ಉಳೀತದ.

ಅಂಗಡಿಗಿ ಹೋಗೋರಿಗಿ: ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿನಾಗ ಬಂದ್ ಇರ್ತದ, ಬಿಲ್ ಚೀಟಿ ಕೇಳಿದ್ರೇ ಕೊಡ್ತಾರ, ಫೋನ್ ಪೇ ನಡೀತದ. ಬ್ಲಾಕು ಹೆಡ್ಡು ಜಿಡ್ಡು ತೊಳೆದೇ ಒಯ್ರಿ, ಅಳತಿ ಲಗೂ ಆಗ್ತದ. ಕ್ರ್ಯಾಂಕು ಗೋಣಿಚೀಲದಾಗ ಸುತ್ತಿ, ಜರ್ನಲ್ಲಿಗಿ ಆಯಿಲ್ ಹಚ್ಚಿ ಒಯ್ರಿ, ಮನ್ಯಾಗ ಇಡೋದಾದ್ರ ಅಡ್ಡ ಮಲಗಿಸಬ್ಯಾಡ್ರಿ, ನಿಂದ್ರಿಸಿ ಇಡ್ರಿ. ಅಳತಿ ಬರ್ದ ರಟ್ಟು ಕೇಳಿ ಇಸ್ಕೊಳ್ರಿ, ಪಿಸ್ಟನ್ನು ಬೇರಿಂಗು ತಗೊಳ್ಲಿಕ್ಕ ಹೋದಾಗ ಅಂಗಡಿಯೋರಿಗಿ ಅದನ್ನೇ ತೋರಿಸ್ರಿ. ಐದಕ್ಕ ನಾಲ್ಕೂವರೆ ನನ್ನ ಕಡಿಂದ, ಬಿಸಿ ಟ್ಯಾಂಕ್ ಹಾಕಿಸಿದ ದಿನ ಐದು.